‘ನಿಮ್ಮ ನಂಬಿಕೆ ಕಡಿಮಿ ಬಿತ್ತು’ ಅಂದವ್ರಿಗೆ ಏನ್ ಹೇಳೂದು?

ಪ್ರಶ್ನೆ: ಅಯ್ಯನವ್ರ, ನಮಸ್ಕಾರ್ರಿ. ನಾವು ಗದಗ-ಬೆಟಗೇರಿಯವ್ರು, ನಮ್ಮ ಅಜ್ಜನ ಕಾಲದಿಂದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆದವ್ರು. ಹೋದ ವರ್ಷ ನಮ್ಮ ಮನಿಯವ್ರು ಕಿಡ್ನಿ ಫೇಲ್ ಆಗಿ ತೀರಿಕೊಂಡ್ರು. ಡಯಾಲಿಸಿಸ್‌ಗೆ ಹುಬ್ಬಳ್ಳಿಗೆ ಅಡ್ಡಾಡಿ ಅಡ್ಡಾಡಿ ಸಾಕಾಗಿತ್ತು. ಯಾರೋ ಹೇಳಿದ್ರು ಅಂತ ಬ್ಯಾರೆ ಊರಿನ ಒಬ್ಬ ಪಾಸ್ಟರ್ ಹತ್ರ ಉಪವಾಸ ಪ್ರಾರ್ಥನಿಗೆ ಹೋದ್ವಿ, ಅವ್ರು ‘ಪೂರ್ತಿ ಸ್ವಸ್ಥ ಆಗ್ತಾರ, ದೇವ್ರು ನನಗ ಹೇಳ್ಯಾನ’ ಅಂದ್ರು, ನಾನು ಕೊರಳಾಗಿನ ಚೈನ್ ಮಾರಿ ಕಾಣಿಕಿ ಕೊಟ್ಟೆ. ಆ ವರ್ಷ ಹೊಸ ವರ್ಷದ ಆರಾಧನಿಯೊಳಗ ನಾ ತಗದ ವಾಗ್ದಾನದ ಕಾರ್ಡಿನ್ಯಾಗೂ ವಾಸಿ ಮಾಡೋ ವಾಕ್ಯನ ಬಂದಿತ್ತು. ಅವ್ರು ಹೋದ ಮ್ಯಾಲ ಅದ ಪಾಸ್ಟರ್ ‘ನಿಮ್ಮ ಮನಿಯಾಗ ನಂಬಿಕೆ ಕಡಿಮಿ ಬಿತ್ತು’ ಅಂದ್ರು. ಈಗ ಚರ್ಚಿನ್ಯಾಗ ಹಾಡಾಕ ಬಾಯಿ ಬರೂದಿಲ್ಲ, ಪ್ರಾರ್ಥನಿ ಮಾಡಾಕ ಕುಂತ್ರ ಗ್ವಾಡಿ ಜೋಡಿ ಮಾತಾಡಿದಂಗ ಅನಸ್ತೈತಿ, ದೇವ್ರು ಅದಾನೋ ಇಲ್ಲೋ ಅಂತನೂ ಬರ್ತೈತಿ. ಎಸ್ಸೆಸ್ಸೆಲ್ಸಿ ಓದೋ ಮಗಳು ‘ಅಷ್ಟ ಪ್ರಾರ್ಥನಿ ಮಾಡಿದ್ವಲ್ಲ, ಯಾಕ ಕೇಳ್ಲಿಲ್ಲ?’ ಅಂತಾಳ. ಅತ್ತಿಯವ್ರು ‘ಚರ್ಚಿಗೆ ನಡಿ, ಅಳಬ್ಯಾಡ, ನಿರೀಕ್ಷೆ ಇಲ್ಲದವ್ರಂಗ ಅಳಬಾರ್ದು’ ಅಂತಾರ. ನಂಬಿಕೆ ಇಲ್ಲದನ ಚರ್ಚಿಗೆ ಹೋಗೂದು ನಾಟಕ ಅಲ್ಲೇನ್ರಿ?

ಉತ್ತರ: ತಂಗೀ, ನಿಮ್ಮ ಪತ್ರ ಓದಿ ನನಗ ಮೊದಲ ಸಿಟ್ಟ ಬಂತು, ಆ ಮಾತು ಅಂದವ್ರ ಮ್ಯಾಲ. ಅದಕ್ಕ ಅಲ್ಲಿಂದನ ಶುರು ಮಾಡ್ತೀನಿ, ಯಾಕಂದ್ರ ಆ ಮುಳ್ಳು ತಗಿಯೂತನಕ ಉಳಿದ ಮಾತು ಒಳಗ ಇಳಿಯೂದಿಲ್ಲ.

ಇಂಥಾ ಮಾತಿಗೆ ಅವ್ರು ಯಾಕೋಬನ ಪತ್ರಿಕೆ 5ನೇ ಅಧ್ಯಾಯ ತೋರಸ್ತಾರ, ನಂಬಿಕೆಯಿಂದ ಮಾಡಿದ ಪ್ರಾರ್ಥನಿ ರೋಗಿನ್ನ ಉಳಸ್ತೈತಿ ಅಂತ. ಐತಿ, ಅಲ್ಲಿ ಹಂಗ ಬರದೈತಿ. ಆದ್ರ ಒಂದು ವಾಕ್ಯ ಹಿಂದ ಹೋಗಿ ಓದ್ರಿ, 14ನೇದು. ಅಲ್ಲಿ ಪ್ರಾರ್ಥನಿ ಮಾಡೋರು ಯಾರು? ಸಭೆಯ ಹಿರಿಯರು. ರೋಗಿ ಅವ್ರನ್ನ ಕರಸ್ತಾನ, ಅವ್ರು ಬಂದು ಎಣ್ಣಿ ಹಚ್ಚಿ ಪ್ರಾರ್ಥನಿ ಮಾಡ್ತಾರ, ನಂಬಿಕೆಯಿಂದ ಮಾಡಬೇಕಾಗಿದ್ದು ಅವ್ರು. ಹಾಸಿಗಿ ಮ್ಯಾಲ ಬಿದ್ದವ್ರ ನಂಬಿಕೆ ಎಷ್ಟ ಐತಿ, ಅವ್ರ ಹೆಂಡ್ತಿದು ಎಷ್ಟ ಐತಿ ಅಂತ ಅಳತಿ ಮಾಡ್ರಿ ಅಂತ ಯಾಕೋಬ ಎಲ್ಲೂ ಬರದಿಲ್ಲ. ಹಂಗ ಲೆಕ್ಕ ಕೇಳೂದ ಆದ್ರ ಮೊದಲ ಆ ಪಾಸ್ಟರ್ ಕಡೆನ ಕೇಳ್ಬೇಕು, ಪ್ರಾರ್ಥನಿ ಮಾಡಿದವ್ರು ಅವ್ರು, ‘ದೇವ್ರು ಹೇಳ್ಯಾನ’ ಅಂದವ್ರೂ ಅವ್ರ. ಲೆಕ್ಕದ ಪುಸ್ತಕ ತಗೊಂಡ್ ಬಂದು ನಿಮ್ಮ ಮುಂದ ಇಟ್ಟದ್ದು ಅನ್ಯಾಯ.

ಇನ್ನೂ ನೋಡ್ರಿ. ಎಲೀಷ ಅಂಥಾ ಪ್ರವಾದಿ, ಸತ್ತ ಕೂಸಿಗೆ ಜೀವ ಬರಿಸಿದಾವ, ನಾಮಾನನ ಕುಷ್ಠ ವಾಸಿ ಮಾಡಿಸಿದಾವ, ಅವನ ಜಡ್ಡ ಬಿದ್ದು ಅದ ಜಡ್ಡಿನ್ಯಾಗ ಸತ್ತ, ಎರಡನೇ ಅರಸುಗಳು 13ನೇ ಅಧ್ಯಾಯ. ಪೌಲ ತನ್ನ ಶರೀರದಾಗಿನ ಮುಳ್ಳು ತಗೀ ಅಂತ ಮೂರು ಸಲ ಬೇಡ್ಕೊಂಡ, ತಗೀಲಿಲ್ಲ. ಅದ ಪೌಲ ಕೊನೀ ಪತ್ರದಾಗ ‘ತ್ರೊಫಿಮ ಜಡ್ಡಾಗಿದ್ದ, ಅವನ್ನ ಮಿಲೇತದಾಗ ಬಿಟ್ಟು ಬಂದೆ’ ಅಂತ ಒಂದು ಸಾಲು ಬರದಾನ (ಎರಡನೇ ತಿಮೊಥೆಯ 4:20). ಈ ವಾಕ್ಯದ ಮ್ಯಾಲ ಯಾರೂ ಪ್ರಸಂಗ ಮಾಡೂದು ನಾ ಕೇಳಿಲ್ಲ. ಪೌಲನ ಮೈಮ್ಯಾಲಿನ ಕರವಸ್ತ್ರ ಒಯ್ದು ಹಾಕಿದ್ರ ಜಡ್ಡ ವಾಸಿ ಆಗ್ತಿದ್ವು ಅಂತ ಅಪೊಸ್ತಲರ ಕೃತ್ಯದಾಗ ಐತಿ, ಅಂಥಾವ ತನ್ನ ಜೊತಿಗಾರನ್ನ ಜಡ್ಡಿನ್ಯಾಗ ಬಿಟ್ಟು ಮುಂದ ಹೋದ, ತ್ರೊಫಿಮನ ನಂಬಿಕೆ ಕಡಿಮಿ ಬಿತ್ತು ಅಂತ ಒಂದಕ್ಷರ ಬರೀಲಿಲ್ಲ. ತಿಮೊಥೆಯನಿಗೆ ಹೊಟ್ಟಿ ತ್ರಾಸ ಇತ್ತು, ಅವಂಗ ಹೇಳಿದ್ದು ಉಪವಾಸ ಮಾಡು ಅಂತ ಅಲ್ಲ, ಬರೇ ನೀರು ಕುಡೀಬ್ಯಾಡ ಸ್ವಲ್ಪ ದ್ರಾಕ್ಷಾರಸ ತಗೋ ಅಂತ. ಇನ್ನ ಗೆತ್ಸೇಮನೆ ತ್ವಾಟದಾಗ ಯೇಸುಸ್ವಾಮಿ ‘ಸಾಧ್ಯ ಇದ್ರ ಈ ಪಾತ್ರೆ ನನ್ನಿಂದ ದೂರ ಆಗ್ಲಿ’ ಅಂತ ಬೇಡಿದ್ದು, ಅದು ದೂರ ಆಗ್ಲಿಲ್ಲ, ಮರುದಿನ ಶಿಲುಬಿ. ಆ ಪಾಸ್ಟರ್ ಲೆಕ್ಕ ಹಿಡದ್ರ ಯೇಸುವಿನ ನಂಬಿಕೆನೂ ಕಡಿಮಿ ಬಿತ್ತು ಅನ್ನಬೇಕಾಗ್ತೈತಿ. ಅಷ್ಟ ಧೈರ್ಯ ಅವ್ರಿಗೆ ಇರ್ಲಿಕ್ಕಿಲ್ಲ.

ಹುಟ್ಟು ಕುರುಡನ್ನ ನೋಡಿ ಶಿಷ್ಯರು ‘ಯಾರ ಪಾಪ, ಇವಂದೋ ಇವರಪ್ಪ-ಅವ್ವಂದೋ’ ಅಂತ ಕೇಳಿದಾಗ ಯೇಸು ಇವಂದೂ ಅಲ್ಲ ಅವ್ರದೂ ಅಲ್ಲ ಅಂದ. ಸಿಲೋವದ ಬುರುಜು ಬಿದ್ದು 18 ಮಂದಿ ಸತ್ತಾಗ ಅವ್ರು ಉಳಿದವ್ರಕಿಂತ ಹೆಚ್ಚಿನ ಪಾಪಿಗಳಾ ಅಂತ ತಾನ ಕೇಳಿ, ಅಲ್ಲ ಅಂತ ತಾನ ಹೇಳಿದ. ಹಿಂಗ ತಪ್ಪು ಹುಡುಕೋ ಚಟ ಆಗಲೂ ಇತ್ತು, ನಮ್ಮಲ್ಲಿ ‘ಏನ್ ಕರ್ಮ ಮಾಡಿದ್ದೋ’ ಅಂತಾರಲ್ಲ ಅದನ್ನ ನಾವು ಕ್ರೈಸ್ತರು ಹೆಸರು ಬದಲಿ ಮಾಡಿ ಇಟಗೊಂಡೀವಿ ಅಷ್ಟ.

ವಾಗ್ದಾನದ ಕಾರ್ಡಿನ ಮಾತು. ಇದರ ಬಗ್ಗೆ ನನಗ ಮೊದಲಿಂದ ಕಿರಿಕಿರಿ ಐತಿ, ಹೇಳಿಬಿಡ್ತೀನಿ. ಡಿಸೆಂಬರ್ 31ರ ರಾತ್ರಿ ಒಂದು ಬುಟ್ಟಿಯೊಳಗ ಕಾರ್ಡ್ ಹಾಕಿ ಲಾಟರಿ ಚೀಟಿ ಎತ್ತಿದಂಗ ಎತ್ತಿ, ಬಂದ ವಾಕ್ಯ ನನ್ನ ವರ್ಷದ ಭವಿಷ್ಯ ಅಂತ ತಿಳಕೊಳ್ಳೂದು. ‘ನಿನ್ನನ್ನ ವಾಸಿ ಮಾಡೋ ಯೆಹೋವ ನಾನ’ ಅನ್ನೋದು ವಿಮೋಚನಕಾಂಡ 15ರಾಗ ಐತಿ, ಐಗುಪ್ತ ಬಿಟ್ಟು ಬಂದು ಮಾರಾ ಅನ್ನೋ ಜಾಗದಾಗ ಕಹಿ ನೀರು ಕುಡೀಲಾರದ ಗುಣುಗುಟ್ಟತಿದ್ದ ಒಂದು ಇಡೀ ಜನಾಂಗಕ್ಕ ಹೇಳಿದ ಮಾತದು. ಅದು ಖರೇನ ದೇವ್ರ ಸ್ವಭಾವ. ಆದ್ರ ಇಂಥಾ ವರ್ಷ ಇಂಥಾ ಮನಿಯಾಗ ಇಂಥಾವ್ರ ಕಿಡ್ನಿ ಸರಿ ಆಗ್ತೈತಿ ಅಂತ ಬರಕೊಟ್ಟ ಕರಾರು ಪತ್ರ ಅಲ್ಲ. ದೇವ್ರು ನಿಮಗ ಕೊಟ್ಟ ಮಾತು ತಪ್ಪಿದ ಅಂತ ನಿಮಗ ಅನಸ್ತಿದ್ರ, ಆ ಮಾತು ದೇವ್ರು ಕೊಟ್ಟದ್ದೋ ಬುಟ್ಟಿ ಹಿಡಕೊಂಡವ್ರು ಕೊಟ್ಟದ್ದೋ ಅಂತ ಒಂದ್ಸಲ ಬಿಡಿಸಿ ನೋಡ್ರಿ. ಎಷ್ಟೋ ಮಂದಿ ಕಳಕೊಂಡದ್ದು ಯೇಸುವಿನ ಮ್ಯಾಲಿನ ನಂಬಿಕೆ ಅಲ್ಲ, ಯಾರೋ ಅವನ ಹೆಸರಿನ್ಯಾಗ ಕೊಟ್ಟ ಗ್ಯಾರಂಟಿ ಮ್ಯಾಲಿನ ನಂಬಿಕೆ. ಅದು ಹೋದ್ರ ಹೋಗ್ಲಿ.

ಈಗ ‘ಗ್ವಾಡಿ ಜೋಡಿ ಮಾತಾಡಿದಂಗ’ ಅಂದ್ರಲ್ಲ, ಇದರ ಮ್ಯಾಲ ನಾ ಸ್ವಲ್ಪ ಹೊತ್ತು ನಿಲ್ತೀನಿ. ಕೀರ್ತನೆ ಪುಸ್ತಕದಾಗ 150 ಕೀರ್ತನಿ ಅದಾವ, ಅದರಾಗ ಹೆಚ್ಚೂ ಕಡಿಮಿ ಮೂರನೇ ಒಂದು ಪಾಲು ಗೋಳಾಟದ್ದು, ದೂರು ಹೇಳೂದು, ಜಗಳ ಆಡೂದು. ನಾವು ಚರ್ಚಿನ್ಯಾಗ 23 ಓದ್ತೀವಿ, 91 ಓದ್ತೀವಿ, 121 ಓದ್ತೀವಿ. 13ನೇದು ತಗೀರಿ, ಮೊದಲ ಎರಡು ವಾಕ್ಯದಾಗ ನಾಕು ಸಲ ‘ಎಷ್ಟು ಕಾಲ’ ಅಂತ ಕೇಳ್ತಾನ. 44ನೇದರಾಗ ‘ಏಳು, ಯಾಕ ಮಲಗೀದಿ’ ಅಂತ ದೇವ್ರನ್ನ ಎಬ್ಬಸ್ತಾರ. ನಿಮಗ ನಾ ವಿಶೇಷ ಹೇಳೂದು 88ನೇದು. ಉಳಿದ ಗೋಳಿನ ಕೀರ್ತನಿ ಬಹುತೇಕ ಕೊನಿಗೆ ಬರೂದ್ರೊಳಗ ‘ಆದ್ರೂ ನಿನ್ನ ಸ್ತುತಿ ಮಾಡ್ತೀನಿ’ ಅಂತ ತಿರಗ್ತಾವ, ಇದು ತಿರಗೂದಿಲ್ಲ. ಯಾಕ ನನ್ನ ಕೈ ಬಿಟ್ಟಿ, ಯಾಕ ಮುಖ ಮರಿಮಾಡಿದಿ, ನನ್ನವ್ರನ್ನೆಲ್ಲಾ ನನ್ನಿಂದ ದೂರ ಮಾಡಿದಿ ಅಂತ ಹೇಳಿ ಕತ್ತಲಿಯೊಳಗ ಬಂದು ನಿಂತುಬಿಡ್ತೈತಿ, ಮುಗೀತು. ಇದನ್ನ ಯಾರೋ ಪುಸ್ತಕದಿಂದ ತಗದು ಹಾಕಬಹುದಿತ್ತು, ಸಾವಿರಾರು ವರ್ಷ ಯಾರೂ ತಗೀಲಿಲ್ಲ, ದೇವಾಲಯದಾಗ ಹಾಡಾಕ ಇಟಗೊಂಡ್ರು. ಕೊನೀತನಕ ಬರೇ ದೂರು ಇದ್ದರೂ ಅದು ಪ್ರಾರ್ಥನಿನ, ಯಾಕಂದ್ರ ದೂರು ಹೇಳಿದ್ದು ದೇವ್ರಿಗೇ. ಶಿಲುಬಿ ಮ್ಯಾಲ ‘ನನ್ನ ದೇವರೇ, ಯಾಕ ನನ್ನ ಕೈಬಿಟ್ಟಿ’ ಅಂತ ಯೇಸು ಕೂಗಿದ್ದೂ 22ನೇ ಕೀರ್ತನಿಯ ಮೊದಲನೇ ಸಾಲು, ಆ ಹೊತ್ತಿನ್ಯಾಗ ಅವನ ಬಾಯಿಗೆ ಬಂದದ್ದು ಸ್ತುತಿಗೀತೆ ಅಲ್ಲ.

ನಿಮಗ ಹಾಡಾಕ ಬಾಯಿ ಬರೂದಿಲ್ಲ ಅಂದ್ರ ಹಾಡಬ್ಯಾಡ್ರಿ. ‘ಜಯ ಜಯ’ ಅನ್ನೋ ಹಾಡು ಬಂದಾಗ ಸುಮ್ನ ನಿಂದರ್ರಿ, ಇಲ್ಲಾ ಕುಂದರ್ರಿ. ಮನಿಯಾಗ ಪ್ರಾರ್ಥನಿಗೆ ಕುಂತಾಗ ‘ಕೃಪೆಯುಳ್ಳ ತಂದೆಯೇ’ ಅಂತ ಗ್ರಂಥದ ಭಾಷಿ ಹಚ್ಚಬ್ಯಾಡ್ರಿ, ನೀವು ನನಗ ಬರದಂಗ ಬೆಟಗೇರಿ ಮಾತಿನ್ಯಾಗನ ‘ನೀ ಯಾಕ ಹಿಂಗ ಮಾಡಿದಿ, ನನಗ ಸಿಟ್ಟ ಐತಿ’ ಅನ್ರಿ. ನಮ್ಮ ಕಡಿ ಸತ್ತ ಮನಿಯಾಗ ಹೆಣ್ಮಕ್ಕಳು ಹಾಡ್ಯಾಡಿ ಅಳ್ತಾರಲ್ಲ, ಹೋದವ್ರ ಹೆಸರು ತಗೊಂಡು, ಅವ್ರು ಉಂಡದ್ದು ಉಟ್ಟದ್ದು ಕಟ್ಟಿದ ಮನಿ ಎಲ್ಲಾ ಎಣಿಸಿ ಎಣಿಸಿ, ನಡುನಡುವ ದೇವ್ರನ್ನೂ ಬೈದು. ಕೆಲವು ಸಭೆಗಳೊಳಗ ‘ನಾವು ಕ್ರೈಸ್ತರು, ಹಂಗ ಅಳಬಾರ್ದು’ ಅಂತ ಅದನ್ನ ಬಿಡಿಸಿದ್ರು, ಭಾಳ ನಷ್ಟ ಆತು ಅಂತೀನಿ ನಾನು. ಪ್ರಲಾಪಗಳು ಪುಸ್ತಕ ಮತ್ತೇನೈತಿ? ಹಾಳಾದ ಯೆರೂಸಲೇಮಿನ ಮುಂದ ಕುಂತು ಹಾಡ್ಯಾಡಿ ಅತ್ತದ್ದು. ಐದು ಅಧ್ಯಾಯದಾಗ ನಾಕು ಅಧ್ಯಾಯ ಇಬ್ರಿಯ ಅಕ್ಷರಮಾಲಿ ಹಿಡದು ಕಟ್ಟ್ಯಾರ, ಅ ದಿಂದ ಕೊನೀ ಅಕ್ಷರದ ತನಕ, ಒಂದು ಸಂಕಟನೂ ಬಿಟ್ಟು ಹೋಗಬಾರ್ದು ಅನ್ನೋವಂಗ. ‘ದಿನ ಬೆಳಗಾದ್ರ ಅವನ ಕರುಣೆ ಹೊಸದು’ ಅನ್ನೋ ವಾಕ್ಯ ಎಲ್ಲಾರ ಮನಿ ಕ್ಯಾಲೆಂಡರಿನ್ಯಾಗ ಇರ್ತೈತಿ, ಅದು ಇದ ಪುಸ್ತಕದ ನಟ್ಟನಡುವಿನ 3ನೇ ಅಧ್ಯಾಯದ್ದು, ಅದರ ಹಿಂದೂ ಮುಂದೂ ಪೂರ್ತಿ ಅಳು. ಪುಸ್ತಕ ಮುಗಿಯೂದೂ ‘ನೀ ನಮ್ಮನ್ನ ಪೂರ್ತಿ ಬಿಟ್ಟಬಿಟ್ಟೀಯೇನು’ ಅನ್ನೋ ಅನುಮಾನದಾಗ.

ಅತ್ತಿಯವ್ರು ಹೇಳಿದ ವಾಕ್ಯ ಒಂದನೇ ಥೆಸಲೊನೀಕ 4:13. ಅಲ್ಲಿ ಪೌಲ ದುಃಖ ಪಡಬ್ಯಾಡ್ರಿ ಅಂದಿಲ್ಲ, ನಿರೀಕ್ಷೆ ಇಲ್ಲದವ್ರಂಗ ದುಃಖ ಪಡಬ್ಯಾಡ್ರಿ ಅಂದಾನ. ನಿರೀಕ್ಷೆ ಇದ್ದವ್ರೂ ಅಳ್ತಾರ. ಸ್ತೆಫನ ಸತ್ತಾಗ ಭಕ್ತಿಯುಳ್ಳ ಮಂದಿನ ಅವನ್ನ ಮಣ್ಣು ಮಾಡಿ ಭಾಳ ಗೋಳಾಡಿದ್ರು ಅಂತ ಅಪೊಸ್ತಲರ ಕೃತ್ಯ 8ರಾಗ ಐತಿ. ಇನ್ನೈದು ನಿಮಿಷಕ್ಕ ಸತ್ತ ಲಾಜರನ್ನ ಎಬ್ಬಸ್ತೀನಿ ಅಂತ ಗೊತ್ತಿದ್ದ ಯೇಸುನ ಸಮಾಧಿ ಕಡೆ ಹೋಗೂ ಹಾದಿಯೊಳಗ ಅತ್ತ. ಅದಕ್ಕೂ ಮೊದಲ ಅವನ ಅಕ್ಕಂದಿರು ಮಾರ್ಥಳೂ ಮರಿಯಳೂ ಒಬ್ಬೊಬ್ಬರಾಗಿ ಬಂದು ‘ನೀ ಇಲ್ಲಿ ಇದ್ದಿದ್ರ ನನ್ನ ತಮ್ಮ ಸಾಯ್ತಿರ್ಲಿಲ್ಲ’ ಅಂದ್ರು, ಅಂದ್ರ ನೀ ತಡಾ ಮಾಡಿದಿ ಅಂತ ಮುಖಕ್ಕ ಹೇಳಿದ್ರು. ಯೇಸು ಒಬ್ಬಾಕಿ ಜೋಡಿ ಮಾತಾಡಿದ, ಇನ್ನೊಬ್ಬಾಕಿ ಜೋಡಿ ಅತ್ತ. ಇಬ್ಬರಿಗೂ ಬೈಲಿಲ್ಲ. ಮಾರ್ಟಿನ್ ಲೂಥರ್ ಗೊತ್ತಲ್ಲ, ಅಷ್ಟ ದೊಡ್ಡ ದೇವಜ್ಞಾನಿ, ಅವರ ಮಗಳು ಮಗ್ದಲೇನಾ 1542ರಾಗ ತೀರಿಕೊಂಡ್ಲು, 13 ವರ್ಷದಾಕಿ. ಆಕಿ ಒಳ್ಳೇ ಕಡೆ ಹೋಗ್ಯಾಳ, ನಾವು ಖುಷಿಲೆ ದೇವ್ರಿಗೆ ಧನ್ಯವಾದ ಹೇಳ್ಬೇಕು, ಆದ್ರ ನನ್ನ ಹೆಂಡ್ತಿಗೂ ನನಗೂ ಅಳದನ ಅದು ಆಗವಲ್ದು ಅಂತ ಗೆಳ್ಯಾಗ ಪತ್ರ ಬರದ್ರು. ನಮ್ಮ ಕಿಟೆಲ್ ಸಾಹೇಬ್ರನ್ನ ನಾವು 1894ರ ನಿಘಂಟಿನ ಸಲುವಾಗಿ ಅಷ್ಟ ನೆನಸ್ತೀವಿ, ಅವರ ಮೊದಲನೇ ಹೆಂಡ್ತಿ ಮದುವಿ ಆದ ಕೆಲವ ವರ್ಷದಾಗ ತೀರಿಕೊಂಡ್ರು ಅನ್ನೋದು ಎಷ್ಟು ಮಂದಿಗೆ ಗೊತ್ತೈತಿ?

ನಾಟಕದ ಪ್ರಶ್ನಿಗೆ ಬರ್ತೀನಿ, ನಿಮ್ಮ ಪತ್ರದಾಗ ನನ್ನ ಪ್ರಕಾರ ಇದ ಮುಖ್ಯ.

ಮಾರ್ಕ 2ನೇ ಅಧ್ಯಾಯದ ಪಾರ್ಶ್ವವಾಯು ರೋಗಿ ಕತಿ ಭಾನುವಾರ ಸಾಲಿಯಿಂದ ನಿಮಗ ಗೊತ್ತಿರ್ತೈತಿ. ನಾಕು ಮಂದಿ ಹೊತ್ಗೊಂಡ್ ಬಂದ್ರು, ಮಂದಿ ಕಿಕ್ಕಿರಿದಿದ್ರು, ಮಾಳಗಿ ಕಿತ್ತು ಹಾಸಿಗಿ ಸಮೇತ ಕೆಳಗ ಇಳಿಬಿಟ್ರು. ಅಲ್ಲಿ 5ನೇ ವಾಕ್ಯದಾಗ ‘ಯೇಸು ಅವರ ನಂಬಿಕೆ ನೋಡಿ’ ಅಂತ ಐತಿ, ಹೊತ್ಗೊಂಡ್ ಬಂದವ್ರನ್ನ ಸೇರಿಸಿ ಹೇಳಿದ್ದು. ಮಲಗಿದಾವ ಏನ್ ನಂಬಿದ್ದ, ಎಷ್ಟ ನಂಬಿದ್ದ, ಒಂದ ಮಾತೂ ಇಲ್ಲ, ಅವ ಬಾಯಿನ ತಗೀಲಿಲ್ಲ. ತಂಗೀ, ಸಭೆ ಇರೂದು ಇದರ ಸಲುವಾಗಿ. ನಿಮಗ ನಂಬಾಕ ಆಗದ ದಿವಸ ನಿಮ್ಮ ಬಾಜೂ ಕುಂತ ಮುದುಕಿ ವಿಶ್ವಾಸ ಪ್ರಮಾಣ ಹೇಳ್ತಾಳಲ್ಲ, ಆಕಿ ನಿಮ್ಮ ಪಾಲಿಂದೂ ಹೇಳ್ತಿರ್ತಾಳ. ನಾಳೆ ಆಕಿ ಮಗ ಸತ್ತ ದಿವಸ ನೀವು ಆಕಿ ಪಾಲಿಂದು ಹೇಳ್ತೀರಿ. ನಂಬಿಕೆನ ಒಬ್ಬೊಬ್ಬರ ಎದಿಯೊಳಗಿನ ಬಿಸಿ ಅಂತ ತಿಳಕೊಂಡ್ರ ಅದು ಆರಿದ ದಿವಸ ಎಲ್ಲಾ ಮುಗೀತು ಅನಸ್ತೈತಿ. ನಾಟಕ ಯಾವಾಗ ಆಗ್ತೈತಿ ಅಂದ್ರ ಇಲ್ಲದ ಸಂತೋಷ ತೋರಿಸಿ ಎದ್ದು ನಿಂತು ‘ಸಾಕ್ಷಿ’ ಹೇಳಿದಾಗ. ಅದನ್ನ ನೀವು ಮಾಡಬ್ಯಾಡ್ರಿ, ಯಾರರ ಒತ್ತಾಯ ಮಾಡಿದ್ರ ‘ಈಗ ಆಗಂಗಿಲ್ರಿ’ ಅಂತ ಹೇಳ್ರಿ ಸಾಕು. ಸುಮ್ನ ಬಂದು ಹಿಂದಿನ ಬೆಂಚಿನ್ಯಾಗ ಕುಂತು ಕಣ್ಣೀರು ಒರಸ್ಕೊಂಡು ಹೋಗೂದು ನಾಟಕ ಅಲ್ಲ. ಕರ್ತನ ಭೋಜನಕ್ಕ ಹೋಗ್ಲೋ ಬ್ಯಾಡೋ ಅಂತ ಅನುಮಾನ ಬಂದ್ರ ಹೋಗ್ರಿ ಅಂತೀನಿ ನಾನು, ಅಲ್ಲಿ ನೀವು ಏನೂ ಹೇಳ್ಬೇಕಾಗಿಲ್ಲ, ಕೈ ಚಾಚಿದ್ರ ಆತು. ಆ ಮೊದಲನೇ ಪಂಕ್ತಿಯೊಳಗ ಯೇಸು ಜೋಡಿ ಕುಂತ ಶಿಷ್ಯರನ್ನ ನೆನಸ್ರಿ, ಅದ ರಾತ್ರಿ ಎಲ್ಲಾರೂ ಬಿಟ್ಟು ಓಡಿದ್ರು.

ಆದ್ರ ಇದಕ್ಕೂ ಒಂದು ಮಿತಿ ಐತಿ. ನಿಮ್ಮ ಸಭೆಯೊಳಗ ನಿಮ್ಮನ್ನ ನೋಡಿದಾಗೊಮ್ಮೆ ಯಾರರ ವಾಕ್ಯ ಚುಚ್ಚತಿದ್ರ, ಕೆಲವು ವಾರ ಬ್ಯಾರೆ ಆರಾಧನಿಗೆ ಹೋಗ್ರಿ, ಇಲ್ಲಾ ಮನಿಯಾಗ ಇರ್ರಿ, ಪಾಪ ಏನಲ್ಲ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಕಳಕೊಂಡ ಯೋಬನ ಗೆಳ್ಯಾರು ಮೊದಲ ಏಳು ಹಗಲು ಏಳು ರಾತ್ರಿ ಒಂದ ಮಾತೂ ಆಡದ ಅವನ ಜೋಡಿ ನೆಲದ ಮ್ಯಾಲ ಕುಂತಿದ್ರು, ಅಷ್ಟೊತ್ತು ಎಲ್ಲಾ ಸರಿ ಇತ್ತು. ಬಾಯಿ ತಗದ್ರು, ಕೆಟ್ಟಿತು. 42ನೇ ಅಧ್ಯಾಯದಾಗ ದೇವ್ರು ಆ ಗೆಳ್ಯಾರೊಳಗಿನ ಎಲೀಫಜನಿಗೆ ‘ನನ್ನ ವಿಷಯದಾಗ ನನ್ನ ಸೇವಕ ಯೋಬನಂಗ ನೀವು ಸರಿಯಾಗಿ ಮಾತಾಡ್ಲಿಲ್ಲ’ ಅಂತಾನ. ದೇವ್ರ ಪರವಾಗಿ ವಕಾಲತ್ತು ಮಾಡಿದವ್ರು ಸೋತ್ರು, ಹುಟ್ಟಿದ ದಿವಸಕ್ಕ ಶಾಪ ಹಾಕಿ ದೇವ್ರನ್ನ ಕೋರ್ಟಿಗೆ ಎಳದಾವ ಗೆದ್ದ. ‘ಕರ್ತನು ಕೊಟ್ಟ, ಕರ್ತನು ತಗೊಂಡ’ ಅಂತ ಮಣ್ಣಿನ ದಿವಸ ಮಂದಿ ಹೇಳ್ತಾರಲ್ಲ, ಅದು ಯೋಬ ತನ್ನ ನಷ್ಟದ ಬಗ್ಗೆ ತಾ ಹೇಳಿಕೊಂಡದ್ದು, ಒಂದನೇ ಅಧ್ಯಾಯದಾಗ. ಮೂರನೇ ಅಧ್ಯಾಯಕ್ಕ ಬರೂದ್ರೊಳಗ ಅವನ ಬಾಯಾಗ ಬ್ಯಾರೆ ಮಾತು ಐತಿ. ಬಾಜೂ ಮನಿಯವ್ರು ಬಂದು ಹೇಳಾಕ ಇರೋ ಮಾತಲ್ಲ ಅದು.

ದೇವ್ರು ಅದಾನೋ ಇಲ್ಲೋ ಅನ್ನೋ ಅನುಮಾನಕ್ಕ ಅಂಜಬ್ಯಾಡ್ರಿ. ಸ್ನಾನಿಕನಾದ ಯೋಹಾನ ಯೇಸುಗ ದೀಕ್ಷಾಸ್ನಾನ ಮಾಡಿಸಿದಾವ, ‘ಇಗೋ ದೇವರ ಕುರಿಮರಿ’ ಅಂತ ಬಟ್ಟು ಮಾಡಿ ತೋರಿಸಿದಾವ. ಅಂಥಾವ ಜೇಲಿನ್ಯಾಗ ಬಿದ್ದಾಗ ಶಿಷ್ಯರನ್ನ ಕಳಿಸಿ ‘ಬರಬೇಕಾದಾವ ನೀನ ಏನು, ಇಲ್ಲಾ ಬ್ಯಾರೆಯವನ ದಾರಿ ನೋಡೂಣೋ?’ ಅಂತ ಕೇಳಸ್ತಾನ. ಯೇಸು ಅವನ್ನ ಜೇಲಿನಿಂದ ಬಿಡಿಸಲಿಲ್ಲ, ಅಲ್ಲೇ ಹೆರೋದ ಅವನ ತಲಿ ತಗಸ್ದ. ಆದ್ರ ಆ ಪ್ರಶ್ನೆ ಕೇಳಿದ ಹೊತ್ತಿಗೇನ, ಸ್ತ್ರೀಯರಲ್ಲಿ ಹುಟ್ಟಿದವ್ರೊಳಗ ಯೋಹಾನನಕಿಂತ ದೊಡ್ಡಾವ ಇಲ್ಲ ಅಂತ ಮಂದಿ ಮುಂದ ಹೇಳಿದ (ಮತ್ತಾಯ 11). ಇನ್ನ ಮತ್ತಾಯ 28ರಾಗ, ಎದ್ದು ಬಂದ ಯೇಸುನ್ನ ಬೆಟ್ಟದ ಮ್ಯಾಲ ಶಿಷ್ಯರು ಕಣ್ಣಾರೆ ನೋಡಿ ಅಡ್ಡ ಬಿದ್ರು, ‘ಕೆಲವ್ರು ಸಂದೇಹ ಪಟ್ರು’ ಅಂತನೂ ಬರದಾನ. ಎರಡು ವಾಕ್ಯ ಮುಂದನ ಎಲ್ಲಾ ದೇಶಕ್ಕ ಹೋಗ್ರಿ ಅಂತ ಅಪ್ಪಣಿ ಆಗ್ತೈತಿ, ಸಂದೇಹ ಪಟ್ಟವ್ರು ಹಿಂದ ಉಳೀರಿ ಅಂತ ಅನ್ನಲಿಲ್ಲ. ಮದರ್ ತೆರೇಸಾ ತೀರಿಕೊಂಡ ಹತ್ತು ವರ್ಷಕ್ಕ, 2007ರಾಗ ಅವರ ಪತ್ರಗಳು ಹೊರಗ ಬಂದ್ವು, ದಶಕಗಟ್ಟಲೆ ಒಳಗ ಬರೇ ಕತ್ತಲಿ ಇತ್ತು, ದೇವ್ರು ಇದ್ದಂಗ ಅನಸ್ತಿರ್ಲಿಲ್ಲ ಅಂತ ಬರಕೊಂಡಿದ್ರು. ಅದನ್ನೆಲ್ಲಾ ಓದಿದ ಮ್ಯಾಲನ 2016ರಾಗ ಅವ್ರನ್ನ ಸಂತರು ಅಂತ ಘೋಷಣೆ ಮಾಡಿದ್ರು.

ಅನುಮಾನ ಬಂದಾಗ ಒಂದು ಕೆಲಸ ಮಾಡ್ರಿ, ನಿಮ್ಮ ನಂಬಿಕೆ ಯಾವ ಗೂಟಕ್ಕ ಕಟ್ಟೈತಿ ಅಂತ ನೋಡ್ರಿ. ‘ನನ್ನ ಪ್ರಾರ್ಥನಿ ಕೇಳಿದ, ಅದಕ್ಕ ದೇವ್ರು ಅದಾನ’ ಅನ್ನೋದಕ್ಕ ಕಟ್ಟಿದ್ರ ಅದು ಕಿತ್ತು ಬರೂದ. ಪೌಲ ಅದನ್ನ ಅಲ್ಲಿ ಕಟ್ಟಲಿಲ್ಲ. ಒಂದನೇ ಕೊರಿಂಥ 15ರಾಗ ಕ್ರಿಸ್ತ ಎದ್ದು ಬರಲಿಲ್ಲ ಅಂದ್ರ ನಮ್ಮ ಪ್ರಸಂಗನೂ ಸುಳ್ಳು ನಿಮ್ಮ ನಂಬಿಕೆನೂ ಸುಳ್ಳು ಅಂತ ಸೀದಾ ಬರದಾನ. ಅದನ್ನ ಬರದದ್ದು ಶಿಲುಬಿ ಆಗಿ ಸುಮಾರು 25 ವರ್ಷದೊಳಗ, ಒಮ್ಮೆಲೆ 500ಕ್ಕಿಂತ ಹೆಚ್ಚು ಮಂದಿ ಅವನ್ನ ನೋಡಿದ್ರು, ಅವ್ರೊಳಗ ಬಹಳಷ್ಟು ಮಂದಿ ಇನ್ನೂ ಬದುಕ್ಯಾರ, ಕೆಲವ್ರು ತೀರಿಕೊಂಡಾರ ಅಂತ ಹೇಳ್ತಾನ, ಅಂದ್ರ ಬೇಕಿದ್ರ ಹೋಗಿ ಕೇಳ್ರಿ ಅಂತ. ಅದ ಅಧ್ಯಾಯದಾಗ ಸಾವನ್ನ ಶತ್ರು ಅಂತ ಕರದಾನ, ಕೊನೀ ಶತ್ರು. ನಿಮ್ಮ ಮನಿಯವ್ರ ಸಾವು ದೇವ್ರ ಉಡುಗೊರಿ ಅಂತ ನೀವು ಒಪ್ಪಬೇಕಾಗಿಲ್ಲ, ಅದು ಶತ್ರು ಮಾಡಿದ ಕೆಲಸ ಅಂತ ಸಿಟ್ಟ ಮಾಡಾಕ ನಿಮಗ ಹಕ್ಕೈತಿ. ಆ ಸಮಾಧಿ ಖರೇನ ಖಾಲಿ ಇತ್ತೋ ಇಲ್ಲೋ ಅನ್ನೋ ಪ್ರಶ್ನೆ ನಿಮ್ಮ ಮೂಡಿನ ಮ್ಯಾಲ ನಿಂತಿಲ್ಲ, ನಿಮ್ಮ ಮನಸ್ಸು ಬತ್ತಿದ ದಿವಸನೂ ಅದು ಅಷ್ಟ ಖರೇ ಇಲ್ಲಾ ಅಷ್ಟ ಸುಳ್ಳು. ನಾ ಖರೇ ಅಂತ ನಂಬೀನಿ. ನೀವು ಈಗ ಅಷ್ಟ ಹೇಳಾಕ ಆಗದಿದ್ರ ಮಾರ್ಕ 9ರಾಗ ಜಡ್ಡಿನ ಮಗನ್ನ ಕರಕೊಂಡ್ ಬಂದ ಆ ಅಪ್ಪನಂಗ ‘ನಂಬ್ತೀನಿ, ನಂಬಿಕೆ ಇಲ್ಲದಂಗ ಆಗೈತಿ, ಸಹಾಯ ಮಾಡು’ ಅನ್ರಿ. ಮುಂದ ಅವನ ಮಗ ವಾಸಿ ಆದ ಅನ್ನೋದು ನಿಮಗ ಚುಚ್ಚತೈತಿ ಅಂತ ನನಗ ಗೊತ್ತೈತಿ, ಅದಕ್ಕ ಆ ಕತಿ ಪೂರ್ತಿ ಹೇಳಾಕ ಹೋಗೂದಿಲ್ಲ, ಆ ಒಂದ ಸಾಲು ತಗೋರಿ.

ಮಗಳಿಗೆ ಏನ್ ಹೇಳೂದು? ‘ದೇವ್ರಿಗೆ ಅಪ್ಪ ಬೇಕಾಗಿದ್ದ, ಅದಕ್ಕ ಕರಕೊಂಡ’ ಅಂತ ಮಾತ್ರ ಹೇಳಬ್ಯಾಡ್ರಿ. ಹದಿನೈದು ಹದಿನಾರರ ಹುಡುಗಿ, ‘ನನಗ ಬೇಕಾಗಿರ್ಲಿಲ್ಲೇನು?’ ಅಂತ ಕೇಳ್ತಾಳ, ನ್ಯಾಯ ಐತಿ. ‘ಯಾಕ ಕೇಳ್ಲಿಲ್ಲ ಅಂತ ನಾನೂ ದಿನಾ ಅವನ್ನ ಕೇಳ್ತೀನವ್ವಾ, ಬಾ ಇಬ್ರೂ ಕೂಡಿ ಕೇಳೂಣು’ ಅನ್ರಿ. ನಿಮ್ಮ ಕಣ್ಣೀರು ಆಕಿ ಮುಂದ ಮುಚ್ಚಿಡಬ್ಯಾಡ್ರಿ, ನೀವು ಗಟ್ಟಿ ಇದ್ದಂಗ ತೋರಿಸಿದ್ರ ಆಕಿ ಒಬ್ಬಾಕಿನ ಹೊದಿಕಿ ಒಳಗ ಅಳ್ತಾಳ. ಅಪ್ಪನ ಮಾತು, ಅವ್ರ ನಗೂ, ಅವ್ರ ಸಿಟ್ಟು, ಊಟದ ಹೊತ್ತಿನ್ಯಾಗ ತಗೀರಿ. ಪರೀಕ್ಷೆ ಒಳಗ ಮಾರ್ಕ್ಸ್ ಕಡಿಮಿ ಬಂದ್ರ ಈ ಒಂದು ವರ್ಷ ಬೈಯೂದು ಬಿಟ್ಟಬಿಡ್ರಿ, ಸಾಲಿಯಾಗ ಕ್ಲಾಸ್ ಟೀಚರ್‌ಗೆ ಪರಿಸ್ಥಿತಿ ಮೊದಲ ಹೇಳಿಡ್ರಿ.

ಇನ್ನ ಶರೀರದ ಮಾತು, ಇದನ್ನ ಆತ್ಮೀಕ ಅಲ್ಲ ಅಂತ ದಾಟಬ್ಯಾಡ್ರಿ. ಪ್ರವಾದಿ ಎಲೀಯ ಜಾಲಿ ಗಿಡದ ಕೆಳಗ ಬಿದ್ದು ಸಾಯ್ತೀನಿ ಅಂದಾಗ ದೂತ ಬಂದು ಪ್ರಸಂಗ ಮಾಡ್ಲಿಲ್ಲ, ರೊಟ್ಟಿ ನೀರು ಇಟ್ಟು ಏಳು ಉಣ್ಣು ಅಂದ, ಉಂಡು ಮಲಗಿದ, ಮತ್ತ ಎಬ್ಬಿಸಿ ಮತ್ತ ಉಣಿಸಿದ. ನಿದ್ದಿ ಬರ್ತೈತೇನು? ಊಟ ಸೇರ್ತೈತೇನು? ಹೋದವ್ರ ಚಿಂತಿ ಒಂದು ವರ್ಷ ದಾಟಿದ್ರೂ ದಿನಾ ಹಗಲೆಲ್ಲಾ ಹಿಡದು, ಕೆಲಸಾ ಮಾಡಾಕ ಮಂದಿ ಜೋಡಿ ಬೆರೆಯಾಕ ಆಗದಂಗ ಇದ್ರ, ಅದಕ್ಕ ಡಾಕ್ಟರ್‌ಗಳು ಈಗ ಬ್ಯಾರೆ ಹೆಸರು ಇಟ್ಟಾರ, ಅದಕ್ಕಂತನ ಬ್ಯಾರೆ ಚಿಕಿತ್ಸಾ ಐತಿ. ಧಾರವಾಡದ ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯದ ದವಾಖಾನಿಗೆ ಹೋಗಿ ತೋರಿಸ್ರಿ. ‘ನನಗೂ ಅವ್ರ ಕಡೆ ಹೋಗ್ಬೇಕು’ ಅನ್ನೋ ವಿಚಾರ ಬಂದ್ರ ಅಂತೂ ತಡಾ ಮಾಡಬ್ಯಾಡ್ರಿ, ಸರ್ಕಾರದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416, ಹಗಲು ರಾತ್ರಿ ಯಾವಾಗಾದ್ರೂ ಹಚ್ಚಬಹುದು, ಕನ್ನಡದಾಗ ಮಾತಾಡ್ತಾರ, ರೊಕ್ಕ ಇಲ್ಲ. ಮನೋವೈದ್ಯರ ಕಡೆ ಹೋದ್ರ ನಂಬಿಕೆ ಇಲ್ಲ ಅಂತ ಯಾರರ ಅಂದ್ರ, ಬಾಸೆಲ್ ಮಿಷನ್‌ನವ್ರು ನಿಮ್ಮ ಬೆಟಗೇರಿಯೊಳಗ ಚರ್ಚಿನ ಜೋಡಿ ದವಾಖಾನಿನೂ ಯಾಕ ಕಟ್ಟಿದ್ರು ಅಂತ ಕೇಳ್ರಿ.

ಅತ್ತಿಯವ್ರ ಮ್ಯಾಲ ಬ್ಯಾಸರ ಆಗಬ್ಯಾಡ್ರಿ. ಅವ್ರು ಕಳಕೊಂಡದ್ದು ಹೊಟ್ಟ್ಯಾಗ ಹುಟ್ಟಿದ ಮಗನ್ನ. ‘ಅಳಬ್ಯಾಡ’ ಅಂತ ನಿಮಗ ಹೇಳೋರು ಬಹುಶಃ ತಾವು ಅತ್ರ ನಿಲ್ಲಂಗಿಲ್ಲ ಅಂತ ಅಂಜಿ ಹೇಳ್ತಿರಬೇಕು. ಒಂದಿನ ಸಂಜಿಮುಂದ ಅವ್ರ ಹತ್ರ ಕುಂತು ಮಗ ಸಣ್ಣಾವಿದ್ದಾಗ ಹೆಂಗಿದ್ದ ಅಂತ ಕೇಳಿ ನೋಡ್ರಿ. 88ನೇ ಕೀರ್ತನಿ ಅವ್ರ ಮುಂದ ಗಟ್ಟಿಯಾಗಿ ಓದಿದ್ರೂ ನಡೀತೈತಿ, ಬೈಬಲ್ ಓದಾಕ ಹತ್ಯಾಳ ಅಂತ ಅವ್ರಿಗೂ ಸಮಾಧಾನ, ನಿಮಗೂ ಅಳಾಕ ಒಂದು ದಾರಿ.

ಚೈನಿನ ರೊಕ್ಕದ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಕೊಟ್ಟ ಕಾಣಿಕಿ ವಾಪಸ್ ಬರೂದು ಕಷ್ಟ, ಅದಕ್ಕ ನೀವು ಒಬ್ಬರ ಹೋಗಿ ಆ ಪಾಸ್ಟರ್ ಮುಂದ ನಿಂದರಬ್ಯಾಡ್ರಿ, ಮತ್ತ ನಾಕು ವಾಕ್ಯ ಕೇಳಿ ಬರ್ತೀರಿ. ನಿಮ್ಮ ಸಭಾಪಾಲಕರಿಗೆ, ಕಮಿಟಿಯೊಳಗಿನ ಒಬ್ಬಿಬ್ಬರು ಹಿರಿಯರಿಗೆ ನಡೆದದ್ದು ಪೂರ್ತಿ ಹೇಳ್ರಿ, ಅವ್ರು ಹೋಗಿ ಮಾತಾಡ್ಲಿ, ಇಂಥಾ ದಿವಸ ಇಂಥಾ ಮಾತು ಕೊಟ್ಟಿದ್ರಿ ಅಂತ ಕೇಳ್ಲಿ, ಬ್ಯಾರೆ ಮನಿಯವ್ರಿಗೆ ಹಂಗ ಆಗಬಾರ್ದು ಅನ್ನೋದಕ್ಕರ. ಮಗಳ ಪರೀಕ್ಷೆಗೆ ಅಂತ ‘ವಿಶೇಷ ಪ್ರಾರ್ಥನಿ’ ಮಾಡ್ತೀನಿ ಅಂತ ಅವ್ರ ಕಡಿಂದ ಫೋನ್ ಬಂದ್ರ ಬ್ಯಾಡ್ರಿ ಅಂದು ಇಟ್ಟುಬಿಡ್ರಿ, ಕಾರಣ ಹೇಳ್ಕೋತ ಕುಂದರಬ್ಯಾಡ್ರಿ.